ಆ ಸಿಸ್ಟರ್‌ಗೆ ಉಡಿ ತುಂಬಬ್ಯಾಡ್ರಿ

ನಾನು ಹೆರಿಗೆ ಸಂಗಾತಿಯಾದದ್ದು ಸೇವೆಗಲ್ಲ, ಸೇಡಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರ ಕಡೆ ಯಾರಾದರೂ ನನ್ನನ್ನು ನಿಲ್ಲಿಸಿ “ಪುಣ್ಯದ ಕೆಲಸ ಮಾಡಾಕತ್ತಿ ತಂಗಿ” ಎಂದಾಗ ಸುಮ್ಮನೆ ತಲೆಯಾಡಿಸಿ ಸಾಕಾಗಿದೆ. ಪುಣ್ಯದಲ್ಲಿ ನನಗೆ ನಂಬಿಕೆಯಿಲ್ಲ. ಹೆರಿಗೆ ನೋವು ತಿನ್ನುತ್ತಿರುವ ಹೆಣ್ಣಿನ ಬಳಿ ಕೂತು, ಆಕೆಯ ನಡು ತಿಕ್ಕಿ, ಗುಟುಕು ಗುಟುಕಾಗಿ ನೀರು ಕುಡಿಸಿ, ಕೂಸು ಹೊರಗೆ ಬರುವವರೆಗೂ ಕೈ ಹಿಡಿದುಕೊಂಡಿರುವುದು ಆ ಕೆಲಸ. ಪಗಾರ ಇಲ್ಲ, ಕರೆದಾಗ ಹೋಗುವುದು. ನಾನು ಅದಕ್ಕೆ ಸೇರಿದಾಗ ನನ್ನ ಮಗಳಿಗೆ ಐದು ತಿಂಗಳು. ನನ್ನ ತಲೆಯೊಳಗೆ ಇದ್ದದ್ದು ಒಬ್ಬಳೇ ಹೆಂಗಸು, ಹೆರಿಗೆ ಕೋಣೆಯ ಸಿಸ್ಟರ್. ಆಕೆಯನ್ನು ಆ ಕೋಣೆಯಿಂದ ಹೊರಗೆ ಹಾಕಿಸಬೇಕು, ಅಷ್ಟೇ.

ದವಾಖಾನೆಯ ಹೆಸರು ಬರೆಯುವುದಿಲ್ಲ. ಧಾರವಾಡ ಜಿಲ್ಲೆಯ ಒಳಗೆ, ನನ್ನ ತವರಿನ ಕಡೆ ಇರುವ ಒಂದು ಸರ್ಕಾರಿ ದವಾಖಾನೆ. ಹೆಸರು ಹೇಳಿದರೆ ಎದುರಿನವರು ವಿಷಯ ಬಿಟ್ಟು ಹೆಸರಿಗೆ ಉತ್ತರ ಕೊಡಲು ಶುರು ಮಾಡುತ್ತಾರೆ. ಇದು ನಾನು ಹುಬ್ಬಳ್ಳಿಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ನಿಂತು ಕಲಿತ ಮೊದಲ ಪಾಠ. ಎರಡನೆಯ ಪಾಠ, ಎದುರಾಳಿಯ ಮಾತನ್ನೇ ಎತ್ತಿ ಅವರ ಮುಂದಿಡಬೇಕು. ಮೂರನೆಯದು, ಏನೇ ಆದರೂ ತಪ್ಪು ಒಪ್ಪಿಕೊಳ್ಳಬಾರದು. ಈ ಮೂರರಲ್ಲಿ ಎರಡನೆಯ ಪಾಠವನ್ನು ನಾನು ನನ್ನ ಹೆರಿಗೆಯ ದಿನ ಬಳಸಲು ಹೋದೆ.

ಬೇಸಿಗೆಯ ಮಧ್ಯಾಹ್ನ. ಕೋಣೆಯಲ್ಲಿ ಎರಡು ಮಂಚ, ನಡುವೆ ಹಸಿರು ಪರದೆ, ನನ್ನ ಎದುರಿನ ಗೋಡೆಯ ಮೇಲೆ ಒಂದು ಫಲಕ. ಹೆರಿಗೆಯ ಸಮಯದಲ್ಲಿ ಒಬ್ಬ ಮಹಿಳಾ ಸಂಗಾತಿ ಜೊತೆಗಿರಬಹುದು ಎಂದು ಅದರ ಮೇಲೆ ಬರೆದಿತ್ತು. ಆ ಫಲಕದ ಕೆಳಗೇ ನಿಂತು ಸಿಸ್ಟರ್ ನಮ್ಮವ್ವನನ್ನು ಹೊರಗೆ ಕಳಿಸಿದಳು. ನಾನು ನೋವಿನ ನಡುವೆಯೇ ಬೆರಳು ತೋರಿಸಿದೆ.

“ಸಿಸ್ಟರ್, ಅಲ್ಲಿ ಬರದೈತಲ್ರಿ. ನಮ್ಮವ್ವನ್ನ ಒಳಗ ಬಿಡ್ರಿ.”

“ಏನ ಬರದೈತಿ?”

“ಒಬ್ಬಾಕಿ ಜೋಡಿ ಇರಬಹುದು ಅಂತ. ನೀವ ಓದ್ರಿ.”

ಆಕೆ ಓದಲಿಲ್ಲ. ಅಂಗೈ ಬಿಚ್ಚಿ ನನ್ನ ತೊಡೆಯ ಮೇಲೆ ಹೊಡೆದಳು. “ಬಾಯಿ ಭಾಳ ಐತಿ ನಿಂದು. ಬಾಯಾಗಿನ ಜೋರೆಲ್ಲಾ ಕೆಳಗ ತೋರ್ಸು.”

ಪರದೆಯ ಆಚೆ ಆಯಾ ನಕ್ಕಳು. ಎರಡನೆಯ ಏಟು ಬಿತ್ತು. ಮೂರನೆಯದು ಬೀಳುವ ಮೊದಲೇ ನಾನು “ತಪ್ಪಾತ್ರಿ ಸಿಸ್ಟರ್” ಎಂದೆ.

ಏಟಿನ ಗುರುತು ವಾರದೊಳಗೆ ಹೋಯಿತು. ಹೋಗದೇ ಉಳಿದದ್ದು ಆ ‘ತಪ್ಪಾತ್ರಿ’. ಫಲಕ ನನ್ನ ಪರ ಇತ್ತು, ನ್ಯಾಯ ನನ್ನ ಪರ ಇತ್ತು, ಮಾತಾಡಲು ಬರುವ ಬಾಯಿಯೂ ಇತ್ತು. ಆದರೂ ಕಾಲು ಅಗಲಿಸಿ ಮಲಗಿದ್ದವಳು ಕ್ಷಮೆ ಕೇಳಿದಳು, ನಿಂತವಳು ಅದನ್ನು ಹಕ್ಕಿನಂತೆ ಇಸಿದುಕೊಂಡಳು.

ಅಷ್ಟಾದರೂ ಅವಮಾನ ಪೂರ್ತಿಯಾಗಿರಲಿಲ್ಲ. ಮನೆಗೆ ಕಳಿಸುವ ದಿನ ಅವ್ವ ದವಾಖಾನೆಯ ಎದುರಿನ ಅಂಗಡಿಯಿಂದ ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ತಂದಳು. ಮನೆಯಿಂದ ಅಕ್ಕಿ ಮೊದಲೇ ಕಟ್ಟಿಕೊಂಡು ಬಂದಿದ್ದಳು. ವಾರ್ಡಿನ ನಡುವೆ ಸಿಸ್ಟರ್‌ಳನ್ನು ನಿಲ್ಲಿಸಿ, ಕುಂಕುಮ ಹಚ್ಚಿ, ಆಕೆಯ ಸೆರಗು ಒಡ್ಡಿಸಿ ಅದರೊಳಗೆ ಉಡಿ ತುಂಬಿದಳು. ಸಮವಸ್ತ್ರ ಕಳಚಿ ಸೀರೆ ಉಟ್ಟುಕೊಂಡೇ ಬಂದಿದ್ದಳು ಆಕೆ. ಅಂದರೆ ಇದು ಆಕೆಗೆ ಮೊದಲೇ ಗೊತ್ತಿತ್ತು, ಕಾದಿದ್ದಳು. ತಟ್ಟೆ ಹಿಡಿಯಲು ನನ್ನನ್ನೇ ನಿಲ್ಲಿಸಿದರು.

ಟಂಟಂ ಗಾಡಿಯಲ್ಲಿ ಕೂತ ಮೇಲೆ ನಾನು ಅವ್ವನ ಮೇಲೆ ಏರಿ ಹೋದೆ.

“ಏನ ಬೇ ಯವ್ವಾ, ನನ್ನ ಹೊಡದಾಕಿಗೆ ಉಡಿ ತುಂಬತಿ?”

“ಹೊಡದಾಳ, ಖರೆ. ಕೂಸು ತಂದು ಕೈಯಾಗ ಕೊಟ್ಟಾಕಿ ಯಾರು?”

“ಹಡದಾಕಿ ನಾ.”

“ಹಡದಾಕಿ ನೀ, ಹಿಡದಾಕಿ ಆಕಿ. ಕೂಸು ಹಿಡದ ಕೈಗೆ ಉಡಿ ತುಂಬಲಾರದ ಮನಿಗೆ ಹೋಗಬಾರದು.”

“ಹೋದ್ರ ಏನಾಕ್ಕೈತಿ?”

“ಏನೂ ಆಗೂದಿಲ್ಲ. ಹೋಗಬಾರದು, ಅಷ್ಟ.”

ಈ ವಾದಕ್ಕೆ ಯಾವ ನಿರ್ಣಾಯಕರೂ ಅಂಕ ಕೊಡುವುದಿಲ್ಲ. ಆದರೆ ಗೆದ್ದವಳು ಅವ್ವ.

ಬಾಣಂತನದ ತಿಂಗಳುಗಳಲ್ಲಿ ತಲೆಗೆ ಅರಿವೆ ಸುತ್ತಿಕೊಂಡು, ಮಂಚದ ಕೆಳಗಿನ ಕೆಂಡದ ಹೊಗೆ ಕುಡಿಯುತ್ತ, ನಾನು ಬೇರೆ ಯಾವುದನ್ನೂ ಯೋಚಿಸಲಿಲ್ಲ. ಮಗಳು ಮೊಲೆ ಕಚ್ಚಿದಾಗಲೂ ನನ್ನ ತಲೆಯೊಳಗೆ ಒಂದು ಸಭೆ ನಡೆಯುತ್ತಿತ್ತು. ಸಿಸ್ಟರ್ ಒಂದು ಕಡೆ, ನಾನು ಇನ್ನೊಂದು ಕಡೆ, ಗಂಟೆ ಬಾರಿಸುವವರೆಗೂ ಮಾತು ನನ್ನದೇ. ಗಂಡ ಅಣ್ಣಿಗೇರಿಯಲ್ಲಿ ಶಾಲೆಯ ಮಾಸ್ತರ. ಶನಿವಾರ ಬಂದವನಿಗೆ ನಾನು ಅರ್ಜಿ ಕೊಡುತ್ತೇನೆ ಎಂದೆ.

“ಸಾಕ್ಷಿ ಯಾರು?” ಎಂದು ಕೇಳಿದ.

“ನಾನ.”

“ನೀ ಫಿರ್ಯಾದಿ. ಸಾಕ್ಷಿ ಬ್ಯಾರೆ ಬೇಕು.”

ಸರಿಯಾಗಿಯೇ ಕೇಳಿದ್ದ. ಮುಚ್ಚಿದ ಕೋಣೆಯೊಳಗೆ ನಡೆದದ್ದಕ್ಕೆ ಹೊರಗೆ ಸಾಕ್ಷಿ ಎಲ್ಲಿಂದ ಬರಬೇಕು? ಒಳಗೇ ಹೋಗಬೇಕು.

ದಾರಿ ತೋರಿಸಿದ್ದು ನಮ್ಮೂರ ಆಶಾ ಕಾರ್ಯಕರ್ತೆ. ಕೂಸಿನ ತೂಕ ನೋಡಲು ಮನೆಗೆ ಬಂದವಳು, ದವಾಖಾನೆಗೆ ಹೊಸದಾಗಿ ಬಂದ ಲೇಡಿ ಡಾಕ್ಟರ್ ಹೆರಿಗೆ ಸಂಗಾತಿಗಳನ್ನು ಹುಡುಕುತ್ತಿದ್ದಾರೆ ಎಂದಳು. ಎಷ್ಟೋ ಬಸುರಿಯರ ಜೊತೆ ಬರುವ ಹೆಂಗಸರು ಹೆದರಿ ಹೊರಗೇ ಉಳಿಯುತ್ತಾರಂತೆ; ಅಂಥವರಿಗೆ ಊರಿನವಳೇ ಒಬ್ಬಳು ಬೇಕಂತೆ. ಹೆತ್ತವಳಾಗಿರಬೇಕು, ಧೈರ್ಯ ಇರಬೇಕು, ಕೆಲಸಕ್ಕೆ ಅಡ್ಡ ಬರಬಾರದು. ನಾನು ಮೂರಕ್ಕೂ ಹೂಂ ಎಂದೆ. ಮೂರನೆಯದಕ್ಕೆ ಸುಳ್ಳು ಹೇಳಿದೆ.

ಅವ್ವನಿಗೆ ಸೇಡಿನ ವಿಷಯ ಹೇಳಲಿಲ್ಲ. ಆಕೆಗೆ ಗೊತ್ತಿತ್ತು. “ಕೂಸಿನ್ನೂ ಎದಿ ಬಿಟ್ಟಿಲ್ಲ, ಜಗಳಕ್ಕ ಹೊಂಟಿ,” ಎಂದು ಬೈಯುತ್ತಲೇ ನನ್ನ ಜೊತೆ ಬಸ್ಸು ಹತ್ತಿದಳು. ದವಾಖಾನೆಯ ಅಂಗಳದ ಬೇವಿನ ಗಿಡಕ್ಕೆ ಹಳೆಯ ಸೀರೆಯಿಂದ ಜೋಲಿ ಕಟ್ಟಿ, ಮಗಳನ್ನು ಅದರೊಳಗೆ ಹಾಕಿ ತೂಗುತ್ತ ಕೂತಳು. ಒಳಗೆ ನಾನು ಯಾರದೋ ನಡು ತಿಕ್ಕುತ್ತಿದ್ದರೆ ಹೊರಗೆ ಮಗಳು ಅತ್ತದ್ದು ಕೇಳಿ ನನ್ನ ಅಂಗಿ ಒದ್ದೆಯಾಗುತ್ತಿತ್ತು. ಬೇರೆಯವರ ಕೂಸು ಹುಟ್ಟಿ ಅತ್ತರೂ ಹಾಲು ಇಳಿಯುತ್ತಿತ್ತು. ದೇಹಕ್ಕೆ ವಾದ ಗೊತ್ತಾಗುವುದಿಲ್ಲ.

ಮೊದಲ ದಿನ ಸಿಸ್ಟರ್ ಎದುರು ಹೋಗಿ ನಿಂತೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಯಾವೂರವಾ ನಿಂದು?”

ಊರು ಹೇಳಿದೆ.

“ಹೆರಿಗಿ ಎಲ್ಲಾಗಿತ್ತು?”

“ಇಲ್ಲೇ ರಿ. ನೀವ ಮಾಡಿಸಿದ್ರಿ.”

“ಹೌದಾ? ಛಲೋ ಆತು. ಹಂಗಾದ್ರ ಎಲ್ಲಾ ಗೊತ್ತೈತಿ. ಆ ಬಕೆಟ್ ಈ ಕಡೆ ಇಡು.”

ಮರೆತಿದ್ದಳು. ಐದು ತಿಂಗಳಿಂದ ಒಂದು ದಿನವೂ ನನ್ನ ತಲೆಯಿಂದ ಇಳಿಯದವಳು ನನ್ನನ್ನು ಪೂರ್ತಿ ಮರೆತಿದ್ದಳು. ಬಕೆಟ್ ಇಟ್ಟೆ. ಆ ಕ್ಷಣಕ್ಕೆ ನನ್ನ ದ್ವೇಷ ಹದಕ್ಕೆ ಬಂತು ಎನ್ನಬೇಕು.

ಅಂಗೈಯಗಲದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂದು ಬರೆದುಕೊಳ್ಳುತ್ತೇನೆ ಎಂದು ಡಾಕ್ಟರಿಗೆ ಹೇಳಿದ್ದೆ. ಬರೆದದ್ದು ಸಿಸ್ಟರ್‌ಳ ಮಾತು. ಬಸ್ಸು ಸಿಗದೆ ತಡವಾಗಿ ಬಂದವಳಿಗೆ “ದಾರ್ಯಾಗ ಹಡಕೊಂಡು ಬರಬೇಕಿತ್ತು” ಎಂದದ್ದು. ಮೂರನೆಯದೂ ಹೆಣ್ಣಾದವಳಿಗೆ “ಇದಕ್ಕ ಇಷ್ಟ ಚೀರಿದೇನ?” ಎಂದದ್ದು. ಎಲ್ಲರಿಗೂ ತಪ್ಪದೆ ಹೇಳುತ್ತಿದ್ದ ಮಾತು ಇನ್ನೊಂದಿತ್ತು: “ಗಂಡನ ಬಾಜೂಕ ಮಲಗೂವಾಗ ಚೀರಿದ್ದೇನ? ಈಗ್ಯಾಕ ಚೀರ್ತಿ?” ದಿನಾಂಕ ಹಾಕಿ, ಒಂದಕ್ಷರ ಸೇರಿಸದೆ, ಬಿಡದೆ ಬರೆದುಕೊಂಡೆ. ಈ ನಡುವೆ ಕೆಲಸವನ್ನೂ ಕಲಿತೆ. ನಡುವಿನ ಎಲುಬಿನ ಮೇಲೆ ಮುಷ್ಟಿಯಿಂದ ಎಲ್ಲಿ ಒತ್ತಿದರೆ ಹೆಣ್ಣು ಉಸಿರು ಬಿಡುತ್ತಾಳೆ, ಯಾವಾಗ ನಡೆಸಬೇಕು, ಯಾವಾಗ ಮಾತು ನಿಲ್ಲಿಸಬೇಕು. ಸೇಡಿಗೆ ಹೋದವಳ ಕೈಗೆ ಕೆಲಸ ಅಂಟಿಕೊಂಡಿತು. ಅದನ್ನು ನಾನು ಕೇಳಿರಲಿಲ್ಲ.

ಆದರೆ ಸಹಿ ಹಾಕುವವರು ಯಾರೂ ಸಿಗಲಿಲ್ಲ. ಬೈಸಿಕೊಂಡವರೆಲ್ಲ ಮೂರನೆಯ ದಿನಕ್ಕೆ ನಗುತ್ತಿದ್ದರು. “ಬಿಡ್ರಿ ಅಕ್ಕಾ, ಕೂಸು ಚೆಂದ ಐತಲ್ಲ.” “ಮುಂದಿನ ಹೆರಿಗಿಗೂ ಇಲ್ಲೇ ಬರಬೇಕಲ್ರಿ.” ಮತ್ತೆ ಖಣ, ಅಕ್ಕಿ, ಕೊಬ್ಬರಿ. ಮತ್ತೆ ಸಿಸ್ಟರ್‌ಳ ಸೆರಗು ಹರಡುತ್ತಿತ್ತು.

ಒಂದು ಸಂಜೆ ಬಸ್ಸಿಗೆ ನಿಂತಾಗ ನನಗೆ ಹೊಳೆಯಿತು. ಸಿಸ್ಟರ್ ಮನೆಗೆ ಹೊರಟಿದ್ದಳು, ನೀಲಿ ಸೀರೆ, ಹಳದಿ ಕುಪ್ಪಸ. ಆಕೆಯ ಕುಪ್ಪಸ ಒಂದು ದಿನವೂ ಸೀರೆಗೆ ಹೊಂದುತ್ತಿರಲಿಲ್ಲ. ಆಯಾ ಕೇಳಿದಳು, “ಇದು ಯಾರು ತುಂಬಿದ್ರಿ ಸಿಸ್ಟರ್?” ಆಕೆ ತೋಳು ಸವರಿಕೊಂಡು, “ಇದು ಮಿಶ್ರಿಕೋಟಿಯವರದು. ಅವಳಿ ಕೂಸು ಹಡದ್ಲಲ್ಲ, ಆಕಿ,” ಎಂದಳು. ಒಂದೊಂದು ಖಣವೂ ಯಾರದೆಂದು ಆಕೆಗೆ ನೆನಪಿತ್ತು. ಹೊಡೆದದ್ದು ನೆನಪಿರಲಿಲ್ಲ, ಖಣ ನೆನಪಿತ್ತು.

ಸರಿ, ಪೆಟ್ಟು ಅಲ್ಲಿಗೇ ಬೀಳಬೇಕು.

ಮರುದಿನದಿಂದ ನಾನು ನೋಟ್‌ಬುಕ್ಕಿನ ಜೊತೆ ಬಾಯಿಯನ್ನೂ ಬಿಚ್ಚಿದೆ. ಮನೆಗೆ ಹೊರಟವರ ಪಕ್ಕ ಕೂತು ಸಣ್ಣ ದನಿಯಲ್ಲಿ ಹೇಳುತ್ತಿದ್ದೆ: “ಆಕಿ ಪಗಾರ ನಿಲ್ಲಸೂದು ನಿಮ್ಮ ಕೈಯಾಗಿಲ್ಲ. ಆಕಿ ನಿಮ್ಮ ಮಗಳನ್ನ ಬೈದದ್ದು ಬೈದಂಗ ಹೋತು. ಉಡಿ ಆದ್ರೂ ನಿಮ್ಮ ಕೈಯಾಗೈತಿ. ಈ ಸಿಸ್ಟರ್‌ಗೆ ಉಡಿ ತುಂಬಬ್ಯಾಡ್ರಿ.” ಮೊದಲ ಇಬ್ಬರು ನನ್ನನ್ನು ಹುಚ್ಚಿಯಂತೆ ನೋಡಿದರು. ಮೂರನೆಯವಳು ಒಬ್ಬ ಮುದುಕಿ, ಮೊಮ್ಮಗಳ ಹೆರಿಗೆಗೆ ಬಂದಿದ್ದಳು. ಎಲೆ ಅಡಿಕೆ ಅಗಿಯುತ್ತ ನನ್ನ ಮಾತನ್ನು ಪೂರ್ತಿ ಕೇಳಿದಳು.

“ನಾ ಐದು ಹಡದೇನಿ. ಐದೂ ಸೂಲಗಿತ್ತಿ ಹಿಡದ್ಲು. ಒಂದ ದಿನ ಒಂದ ಕೆಟ್ಟ ಮಾತ ಆಡಲಿಲ್ಲ ಆಕಿ. ಆಡಿದ್ರ ಒದೀತಿದ್ದೆ.”

“ಮತ್ತ, ಅಜ್ಜಿ?”

“ಮತ್ತೇನು? ಖಣ ಚೀಲದಾಗ ಐತಿ. ಚೀಲದಾಗ ಇರಲಿ.” ಆಮೇಲೆ ಚೀಲದ ಬಾಯನ್ನು ಎರಡು ಗಂಟು ಹಾಕಿ, ಸಿಸ್ಟರ್‌ಳ ಎದುರೇ ನಡೆದು ಹೋದಳು. “ಬರ್ತೀವ್ರಿ,” ಎಂದು ನಗುತ್ತ ಹೇಳಿಯೇ ಹೋದಳು.

ಸಿಸ್ಟರ್ ಸೀರೆ ಉಟ್ಟು ನಿಂತಿದ್ದಳು. ಆ ಮುಖ ನೋಡಿ ನನಗೆ ಸಿಕ್ಕ ಸುಖವನ್ನು ನಾನು ಮುಚ್ಚಿಡುವುದಿಲ್ಲ. ಕಾಲೇಜಿನಲ್ಲಿ ಗೆದ್ದ ಯಾವ ಕಪ್‌ಗೂ ಆ ರುಚಿ ಇರಲಿಲ್ಲ. ಆ ತಿಂಗಳಲ್ಲಿ ಇನ್ನೂ ನಾಲ್ಕು ಮನೆಯವರು ಹಾಗೇ ಹೋದರು. ಒಬ್ಬಳು ನನಗೇ ಉಡಿ ತುಂಬಲು ಬಂದಳು. ಇಂಥದ್ದರಲ್ಲಿ ನಂಬಿಕೆ ಇಲ್ಲದವಳು ನಾನು, ಒಲ್ಲೆ ಎನ್ನಬೇಕಿತ್ತು. ದುಪ್ಪಟ್ಟಾ ಬಿಚ್ಚಿ ಹಿಡಿದೆ, ಅದೂ ಸಿಸ್ಟರ್‌ಗೆ ಕಾಣುವ ಹಾಗೆ ಬಾಗಿಲ ಕಡೆ ತಿರುಗಿ ನಿಂತು.

ಆಕೆ ದಡ್ಡಿಯಲ್ಲ. ಒಂದು ದಿನ ಉಪಕರಣ ಕುದಿಸುವ ಒಲೆಯ ಬಳಿ ನನ್ನನ್ನು ತಡೆದಳು.

“ಉಡಿ ತಪ್ಪಸಾಕತ್ತಾಕಿ ನೀನ ಅಂತಲ್ಲ. ನಿನಗೇನ ಮಾಡೇನಿ ನಾ?”

ಹೇಳಿದೆ. ಫಲಕ, ತೊಡೆ, ಎರಡು ಏಟು, ಆಯಾಳ ನಗು, ಎಲ್ಲ. ಎಷ್ಟೋ ತಿಂಗಳು ಕೆಂಡದ ಹೊಗೆಯಲ್ಲಿ ತಿದ್ದಿ ತಿದ್ದಿ ಇಟ್ಟಿದ್ದ ಭಾಷಣ ಎರಡು ನಿಮಿಷದಲ್ಲಿ ಮುಗಿಯಿತು.

“ನನಗ ನೆನಪಿಲ್ಲ,” ಎಂದಳು. “ಹೊಡದಿರಬೇಕು. ಒಂದೇಟಿಗೆ ಕೂಸು ಉಳೀತೈತಿ ಅಂದ್ರ ಹೊಡೀಬಾರದೇನ?”

“ಏಟಿಗೆ ಕೂಸು ಉಳೀತೈತಿ ಅಂತ ಯಾರ ಹೇಳಿದ್ರಿ? ಲೇಡಿ ಡಾಕ್ಟರ್ ಮಾಡಿಸಿದ ಹೆರಿಗಿ ನಾ ನೋಡೇನಿ. ಒಂದೂ ಏಟಿಲ್ಲ. ಎಲ್ಲಾ ಕೂಸೂ ಅದಾವು.”

“ಆಕಿ ದಿನಕ್ಕ ಒಂದ ಮಾಡಸ್ತಾಳ. ಉಳಿದದ್ದೆಲ್ಲಾ ಯಾರು? ನಾ ಒಬ್ಬಾಕಿ, ಎರಡ ಮಂಚ, ಎರಡಕ್ಕೂ ಒಮ್ಮೆ ಬಂದ್ರ ನೀ ಹಿಡೀತೇನ ಕೂಸು?”

“ಕೆಲಸ ಭಾಳ ಐತಿ ಅಂದ್ರ ಕೈ ಸೋಲತಾವು ರಿ. ಬಾಯಿ ಯಾಕ ಹೊಲಸ ಆಗಬೇಕು?”

ಆಕೆ ಕುದಿಯುವ ನೀರಿನ ಕಡೆ ತಿರುಗಿದಳು. ಚಿಮಟಿಗೆಯಿಂದ ಕತ್ತರಿ ಎತ್ತಿ ತಟ್ಟೆಗೆ ಹಾಕಿ, “ಆ ಕಡೆ ಸರಿ,” ಎಂದಳು. ಆ ಸುತ್ತು ನನ್ನದು ಎಂದುಕೊಂಡೆ.

ಅದಾದ ಮೇಲೆ ಒಂದು ವಾರಕ್ಕೆ ಪಕ್ಕದ ಹಳ್ಳಿಯಿಂದ ಒಬ್ಬ ಮುಸ್ಲಿಂ ಹುಡುಗಿ ಬಂದಳು. ಚೊಚ್ಚಲ ಹೆರಿಗೆ, ಇಪ್ಪತ್ತರ ಆಸುಪಾಸು. ಮನೆಯಲ್ಲಿ ಹೊಲಿಗೆ ಮಾಡುವವಳು, ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿಗಳು ಒರಟಾಗಿದ್ದವು. ಆಕೆಯ ತಾಯಿಗೆ ರಕ್ತ ಕಂಡರೆ ತಲೆ ಸುತ್ತುತ್ತಿತ್ತು. “ಬೇಟಿ, ನೀನ ನೋಡ್ಕೊವಾ,” ಎಂದು ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟು ಹೊರಗೆ ಹೋಗಿ ನನ್ನವ್ವನ ಪಕ್ಕ ಬೇವಿನ ಗಿಡದ ಕೆಳಗೆ ಕೂತಳು.

ಬೆಳಗಿನಿಂದ ಮಧ್ಯಾಹ್ನದವರೆಗೆ ನಾವಿಬ್ಬರೂ ನಡೆದೆವು, ಕೂತೆವು, ಮತ್ತೆ ನಡೆದೆವು. ನೋವು ಇಳಿದಾಗ ಆಕೆ ನನ್ನನ್ನು ಅಕ್ಕ ಎಂದು ಕರೆದು ತಮಾಷೆ ಮಾಡುತ್ತಿದ್ದಳು. “ಆಪಾ, ಇಷ್ಟೊತ್ತಿಗೆ ನಾಕ ಕುಪ್ಪಸ ಹೊಲಿದಿರ್ತಿದ್ದೆ.” ನೋವು ಏರಿದಾಗ ನನ್ನ ಕೈಯನ್ನು ಹಿಂಡುತ್ತಿದ್ದಳು, ಬಳೆ ಒಡೆಯುವಷ್ಟು. ಕೊನೆಯ ಹಂತಕ್ಕೆ ಬಂದಾಗ ಜೋರಾಗಿ ಚೀರಿದಳು. ಸಿಸ್ಟರ್ ಆಕೆಯ ಕಾಲ ಬಳಿ ನಿಂತಿದ್ದಳು. ನನಗೆ ಬೇಕಿದ್ದ ಮಾತು ಬಂತು.

“ಗಂಡನ ಬಾಜೂಕ ಮಲಗೂವಾಗ ಚೀರಿದ್ದೇನ? ಆವಾಗ ನಿಮ್ಮವ್ವನ್ನ ಕರದಿದ್ದೇನ?”

ಎರಡನೆಯ ಅರ್ಧ ಹೊಸದು. ಅದು ತಪ್ಪಿಹೋಗಬಾರದು ಎಂದು ನಾನು ನೋಟ್‌ಬುಕ್ ತೆಗೆದೆ. ಬರೆಯಲು ಬಲಗೈ ಬೇಕು. ಬಲಗೈ ಆಕೆಯ ಕೈಯಲ್ಲಿತ್ತು. ಬಿಡಿಸಿಕೊಂಡೆ.

ಬರೆದದ್ದು ಒಂದೂವರೆ ಸಾಲು. ಅಷ್ಟರಲ್ಲಿ ಆಕೆ “ಆಪಾ” ಎಂದು ಕರೆದದ್ದು ನನಗೆ ಕೇಳಿಸಿತ್ತು. ತಲೆ ಎತ್ತದೆ “ಒಂದ ನಿಮಿಷ” ಎಂದೆ. ತಲೆ ಎತ್ತಿದಾಗ ಆಕೆಯ ಕೈ ಸಿಸ್ಟರ್‌ಳ ಎಡಗೈಯಲ್ಲಿತ್ತು. ಒಂದು ಕೈ ಹುಡುಗಿಗೆ ಕೊಟ್ಟು, ಇನ್ನೊಂದರಿಂದ ಕೂಸಿನ ತಲೆಗೆ ಆಧಾರ ಕೊಟ್ಟು, ಅದೇ ಹೊಲಸು ಬಾಯಿಂದ ಸಿಸ್ಟರ್ ಹೇಳುತ್ತಿದ್ದಳು, “ಹಾಂ, ಹಿಡಿ, ಗಟ್ಟಿ ಹಿಡಿ, ಇನ್ನೊಂದ ಸಲ ಅಷ್ಟ.” ಗಂಡು ಕೂಸು ಹುಟ್ಟಿತು, ತಡವಿಲ್ಲದೆ ಅತ್ತಿತು. ನನ್ನ ಅಂಗಿ ಒದ್ದೆಯಾಯಿತು.

ಮೂರನೆಯ ದಿನ ಆ ತಾಯಿ ಸಕ್ಕರೆ, ಉತ್ತತ್ತಿ, ಹಸಿರು ಖಣ ತಂದಳು. ನಾನು ಎಂದಿನಂತೆ ಪಕ್ಕದಲ್ಲಿ ಕೂತು ಶುರು ಮಾಡಿದೆ, “ಖಾಲಾ, ಆಕಿ ನಿಮ್ಮ ಮಗಳಿಗೆ ಏನಂದಾಳ ಗೊತ್ತೇನ್ರಿ?”

ಮಗಳು ಮಂಚದಿಂದಲೇ ತಡೆದಳು. “ಅಮ್ಮೀ, ನೀ ಕೊಡು ಆಕಿಗೆ.” ಆಮೇಲೆ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಕಷ್ಟವಾಯಿತು. “ಆಕಿ ಬೈದ್ಲು, ಖರೆ ಆಪಾ. ನೀವು ಬರೀತಿದ್ರಿ. ನಾ ನಿಮ್ಮನ್ನ ಕರದ್ನಿ. ಕೈ ಹಿಡದಾಕಿ ಆಕಿ.”

“ನಿನ್ನ ಸಲುವಾಗೇ ಬರದ್ನಿ ನಾ.”

“ನನ್ನ ಸಲುವಾಗಿ ಅಲ್ಲ ಬಿಡ್ರಿ.”

ಆ ರಾತ್ರಿಯಿಡೀ ಏನೇನೋ ಅನಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಅನಿಸಿದ್ದು ಒಂದೇ, ಸಿಟ್ಟು. ಸಿಸ್ಟರ್ ನನ್ನ ಮರ್ಯಾದೆ ಕಿತ್ತುಕೊಂಡದ್ದು ಸಾಲದೆ ನನ್ನ ಕೆಲಸವನ್ನೂ ಕಿತ್ತುಕೊಂಡಳು ಎಂಬ ಸಿಟ್ಟು. ಒಂದು ಸಲ ಕೈ ಹಿಡಿದರೆ ನೂರು ಸಲ ಬೈದದ್ದು ಅಳಿಸಿಹೋಗುತ್ತದೆಯೇ? ಹೋಗುವುದಿಲ್ಲ. ಈ ವಾದ ಈಗಲೂ ಸರಿ. ಆದರೆ ನನ್ನ ಬಲಗೈಯ ವಿಷಯಕ್ಕೆ ಇದು ಉತ್ತರವಲ್ಲ ಎಂಬುದೂ ನನಗೆ ಗೊತ್ತಿತ್ತು. ಎದುರಾಳಿಯ ತಪ್ಪು ತೋರಿಸಿದರೆ ನಮ್ಮ ತಪ್ಪು ಮುಚ್ಚಿಹೋಗುವುದಿಲ್ಲ. ಇದನ್ನು ನಾನೇ ಎಷ್ಟೋ ಜನರ ಬಾಯಿ ಮುಚ್ಚಿಸಲು ಬಳಸಿದ್ದೆ.

ಎರಡು ವಾರ ಬಿಟ್ಟು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಆ ಹುಡುಗಿಯ ಮನೆಗೆ ಹೋದೆ. ಹೊಲಿಗೆ ಮಷೀನಿನ ಮೇಲೆ ಅರಿವೆ ಮುಚ್ಚಿತ್ತು. ಆಕೆ ಗೋಡೆಗೆ ಒರಗಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ನಾನೂ ಎದುರು ಕೂತು ಮಗಳಿಗೆ ಹಾಲು ಕೊಟ್ಟೆ. ಆಮೇಲೆ ನೋಟ್‌ಬುಕ್ ತೆಗೆದು ಆಕೆಯ ಮುಂದಿಟ್ಟೆ. ಆಕೆ ನಿಧಾನವಾಗಿ, ತುಟಿ ಆಡಿಸುತ್ತ, ಎಲ್ಲ ಪುಟ ಓದಿದಳು. ಬೇರೆಯವರಿಗೆ ಅಂದದ್ದನ್ನೂ ಓದಿದಳು.

“ಇಷ್ಟ ಮಂದಿಗೆ ಅಂದಾಳೇನ?”

“ಹೂಂ.”

“ಯಾರೂ ಸಹಿ ಮಾಡಿಲ್ಲ?”

“ಇಲ್ಲ.”

ಆಕೆ ಕೂಸನ್ನು ಇನ್ನೊಂದು ಬದಿಗೆ ಹಾಕಿಕೊಂಡಳು. “ನಾ ಮಾಡ್ತೀನಿ. ಖರೆ, ಪೂರಾ ಬರೀಬೇಕು ನೀವು. ಆಕಿ ಬೈದದ್ದು ಬರೀರಿ. ನೀವು ಕೈ ಬಿಟ್ಟದ್ದೂ ಬರೀರಿ. ಆಕಿ ಹಿಡದದ್ದೂ ಬರೀರಿ. ಹಂಗಿದ್ರ ಸಹಿ.”

“ಅದನ್ನ ಬರದ್ರ ಅರ್ಜಿ ಸಡ್ಲಾಗತೈತಿ. ಆಕಿಗೆ ಅನುಕೂಲ ಆಗತೈತಿ.”

“ಆಗ್ಲಿ ಆಪಾ. ಅರ್ಧಾ ಹೊಲದ ಕುಪ್ಪಸ ಯಾರ ತೊಡ್ತಾರ?”

ಚರ್ಚೆಯಲ್ಲಿ ಇಂಥ ಕಡೆ ಸಮಯ ಕೇಳಬಹುದು. ಅಲ್ಲಿ ನಿರ್ಣಾಯಕರೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ಮಗಳು ನನ್ನ ಮೂಗು ಹಿಡಿದು ಎಳೆಯುತ್ತಿದ್ದಳು. ನನಗೆ ಸೇಡು ಬೇಕಿತ್ತು. ಅದಕ್ಕೆ ಆ ಹುಡುಗಿಯ ಸಹಿ ಬೇಕಿತ್ತು. ಸಹಿಗೆ ನನ್ನ ತಪ್ಪನ್ನು ನಾನೇ ಮಸಿಯಲ್ಲಿ ಬರೆಯಬೇಕಿತ್ತು. ಅಲ್ಲೇ, ಮಷೀನಿನ ಹಲಗೆಯ ಮೇಲೆ ಹಾಳೆ ಇಟ್ಟು ಬರೆದೆ. ಸಿಸ್ಟರ್‌ಳ ಮಾತುಗಳು ಎರಡು ಪುಟ. ನನ್ನ ಹೆರಿಗೆಯ ಎರಡು ಏಟು ನಾಲ್ಕು ಸಾಲು. ಕೊನೆಗೆ, “ಈ ಮಾತನ್ನು ಬರೆದುಕೊಳ್ಳುವುದಕ್ಕಾಗಿ ಸಂಗಾತಿಯಾದ ನಾನು ಹೆರಿಗೆಯಾಗುತ್ತಿದ್ದವಳ ಕೈ ಬಿಟ್ಟೆ. ಆಕೆ ಕರೆದರೂ ಕೊಡಲಿಲ್ಲ. ಆಗ ಕೈ ಹಿಡಿದವರು ಇದೇ ಸಿಸ್ಟರ್.” ಹುಡುಗಿ ಓದಿ, ಹೊಲಿಗೆಯ ಗಂಟಿನಷ್ಟು ಬಿಗಿಯಾದ ಅಕ್ಷರದಲ್ಲಿ ಸಹಿ ಹಾಕಿದಳು. ಆಕೆಯ ಸಹಿ ನೋಡಿ ಎಲೆ ಅಡಿಕೆಯ ಅಜ್ಜಿಯ ಮೊಮ್ಮಗಳೂ ಹಾಕಿದಳು. ಅಜ್ಜಿ ಹೆಬ್ಬೆಟ್ಟು ಒತ್ತಿ, “ಎರಡೂ ಹೆಬ್ಬೆಟ್ಟು ಒತ್ತಲೇನ?” ಎಂದಳು.

ಲೇಡಿ ಡಾಕ್ಟರ್ ಅರ್ಜಿಯನ್ನು ಎರಡು ಸಲ ಓದಿದರು. ಎರಡನೆಯ ಸಲ ಕೊನೆಯ ಸಾಲುಗಳ ಬಳಿ ನಿಂತರು. “ಇದನ್ನ ನೀವ ಬರದೀರೇನು?” ಎಂದು ಕೇಳಿದರು. ಹೌದೆಂದೆ. “ಹಂಗಾದ್ರ ಮೇಲಿನದನ್ನೂ ನಂಬಬೇಕಾಗತೈತಿ,” ಎಂದರು. ಹತ್ತು ದಿನ ವಿಚಾರಣೆ ನಡೆಯಿತು. ಸಿಸ್ಟರ್‌ಳನ್ನು ಹೆರಿಗೆ ಕೋಣೆಯಿಂದ ತೆಗೆದು ಸೂಜಿ ಹಾಕುವ ಕೋಣೆಗೆ ಹಾಕಿದರು. ನನಗೆ ಎರಡು ತಿಂಗಳು ಬರಬೇಡಿ ಎಂದರು. ಮತ್ತೆ ಬರುವಾಗ ಪೆನ್ನು ಹೊರಗೆ ಇಟ್ಟು ಬನ್ನಿ ಎಂದರು.

ಎರಡು ತಿಂಗಳ ಶಿಕ್ಷೆ ನನಗೆ ಉರಿಯಿತು. ಆದರೂ ಆಕೆ ಆ ಕೋಣೆಯಿಂದ ಹೊರಬಿದ್ದ ದಿನ ನಾನು ಅವ್ವನ ಕೈಯಿಂದ ಸಜ್ಜಕದ ಹೋಳಿಗೆ ಮಾಡಿಸಿದೆ. ಅವ್ವ ಹೂರಣ ತುಂಬುತ್ತ, “ಒಬ್ಬಾಕಿ ಹೊಟ್ಟಿ ಉರಿಸಿ ಹೋಳಿಗಿ ತಿಂತಿ,” ಎಂದಳು. “ತುಪ್ಪ ಹಾಕಬೇ,” ಎಂದೆ.

ಮಗಳಿಗೆ ಒಂದೂವರೆ ವರ್ಷವಾದಾಗ ಹಾಕಿಸಬೇಕಾದ ಸೂಜಿ ಇತ್ತು. ಬೇರೆ ದವಾಖಾನೆಗೆ ಹೋಗಬಹುದಿತ್ತು. ಗಂಡ ಅಣ್ಣಿಗೇರಿಯಲ್ಲೇ ಹಾಕಿಸೋಣ ಎಂದ. ನಾನು ಒಪ್ಪಲಿಲ್ಲ, ಹೆದರಿ ಊರು ಬಿಟ್ಟವಳಂತೆ ಆಗಬಾರದು. ತಾಯಿ ಕಾರ್ಡು ಹಿಡಿದು ಸಾಲಿನಲ್ಲಿ ನಿಂತೆ. ಸಿಸ್ಟರ್ ಮೇಜಿನ ಹಿಂದೆ ಕೂತಿದ್ದಳು, ಸ್ವಲ್ಪ ಸೊರಗಿದ್ದಳು. ಕಾರ್ಡು ನೋಡಿದಳು, ನನ್ನನ್ನು ನೋಡಿದಳು. ಈ ಸಲ ಯಾವೂರು ಎಂದು ಕೇಳಲಿಲ್ಲ.

“ತೊಡಿಗೆ ಹಾಕಬೇಕು. ಚಡ್ಡಿ ಸರಸು.”

ಸರಿಸಿದೆ.

“ಗಟ್ಟಿ ಹಿಡಿ,” ಎಂದಳು. ಸೂಜಿ ಎತ್ತಿ, ಗಾಳಿ ತೆಗೆದು, ನನ್ನ ಕಡೆ ನೋಡದೆ ಹೇಳಿದಳು, “ಕೈ ಬಿಡಾಕಿ ಅಂತ ನೀನ ಬರದ ಕೊಟ್ಟಿ.”

ಸಾಲಿನಲ್ಲಿದ್ದ ಇಬ್ಬರಿಗೆ ನಗು ಬಂತು. ಅರ್ಜಿಯನ್ನು ಆಕೆ ಕೊನೆಯ ಸಾಲಿನವರೆಗೆ ಓದಿದ್ದಾಳೆ. ಅಂದರೆ ಮೇಲಿನ ಎರಡು ಪುಟವನ್ನೂ, ತನ್ನ ಬಾಯಿಂದ ಬಂದ ಒಂದೊಂದು ಮಾತನ್ನೂ, ದಿನಾಂಕದ ಸಮೇತ, ವಿಚಾರಣೆಯಲ್ಲಿ ಡಾಕ್ಟರ್ ಎದುರಿಗೆ ಕೂತು ಓದಿದ್ದಾಳೆ. ಮಗಳ ಕಾಲನ್ನು ಗಟ್ಟಿಯಾಗಿ ಹಿಡಿದೆ.

ಸೂಜಿ ಒಳಗೆ ಹೋಯಿತು. ಮಗಳು ಒಂದು ಕ್ಷಣ ಉಸಿರು ಹಿಡಿದು, ಆಮೇಲೆ ಛಾವಣಿ ಹಾರುವಂತೆ ಚೀರಿದಳು. ಸಿಸ್ಟರ್‌ಳ ತುಟಿ ಬಿಚ್ಚಿತು. ಏನೋ ಅನ್ನಲಿದ್ದಳು, ನಾನು ನೋಡಿದೆ. ಅನ್ನಲಿಲ್ಲ. ಹತ್ತಿ ಒತ್ತಿ, ಕಾರ್ಡಿನಲ್ಲಿ ಬರೆದು, ಮೇಜಿನ ಈಚೆ ತಳ್ಳಿದಳು.

“ಆತು. ಮುಂದಿನವರು ಬರ್ರಿ.”

ಹಿಂದಿನವಳು ಕೂಸು ಎತ್ತಿಕೊಂಡು ಮುಂದೆ ಬಂದಳು. ನಾನು ಏಳಲಿಲ್ಲ. ಮಗಳು ಇನ್ನೂ ಚೀರುತ್ತಿದ್ದಳು. ಪೂರ್ತಿ ಚೀರಿ ಮುಗಿಸಲಿ ಎಂದು, ಆ ಮೇಜಿನ ಮುಂದೆಯೇ, ಆಕೆಯ ಕಿವಿಗೆ ಎದುರಾಗಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಕೂತೆ.